ದುಡ್ಡು ಕೊಟ್ಟವನ ಮೇಲೆ ಕಾವಲು

ಪೇಟೆಗೆ ಹೋಗಿ ಒಂದು ಕೇರಂ ಬೋರ್ಡ್ ಕೊಂಡು ತಂದಿದ್ದೇವೆ ಎಂದಿಟ್ಟುಕೊಳ್ಳೋಣ. ಹಣ ಕೊಟ್ಟಾಗಿದೆ, ರಶೀದಿಯೂ ಕೈಯಲ್ಲಿದೆ. ಮನೆಗೆ ಬಂದು ಪುಡಿ ಉದುರಿಸಿ, ಕಾಯಿ ಜೋಡಿಸಿ, ಸ್ಟ್ರೈಕರಿಗೆ ಬೆರಳು ತಾಗಿಸುವಷ್ಟರಲ್ಲಿ ಅಂಗಡಿಯವನ ಆಳೊಬ್ಬ ಒಳಗೆ ಬಂದು ಪಕ್ಕದಲ್ಲಿ ಸ್ಟೂಲ್ ಎಳೆದು ಕೂರುತ್ತಾನೆ. 'ನೀವು ಆಡಿ, ನನ್ನದೇನೂ ಅಡ್ಡಿಯಿಲ್ಲ. ಈ ಬೋರ್ಡ್ ಕದ್ದದ್ದಲ್ಲ ಎಂದು ನೋಡಿಕೊಳ್ಳಲು ನಾನು ಇಲ್ಲಿ ಇರಬೇಕು, ಅಷ್ಟೆ' ಎನ್ನುತ್ತಾನೆ. ಅವನು ಚಹಾ ಕುಡಿಯಲು ಎದ್ದು ಹೋದರೆ ಕಾಯಿಗಳು ಬೋರ್ಡಿಗೆ ಅಂಟಿಕೊಂಡುಬಿಡುತ್ತವೆ. ಅವನಿಗೆ ಜ್ವರ ಬಂದ ದಿನ ಆಟವಿಲ್ಲ. ಅಂಗಡಿಯೇ ಮುಚ್ಚಿಹೋದರೆ ಬೋರ್ಡ್ ಸೌದೆಗೆ ಸಮ. ಅದೇ ಓಣಿಯಲ್ಲಿ, ಅಂಗಡಿಯ ಹಿಂಬಾಗಿಲಿನಿಂದ ಬೋರ್ಡನ್ನು ಎತ್ತಿಕೊಂಡು ಹೋದವನ ಮನೆಯಲ್ಲಿ ಮಾತ್ರ ಯಾವ ಕಾವಲೂ ಇಲ್ಲದೆ ರಾತ್ರಿಯಿಡೀ ಆಟ ನಡೆದಿರುತ್ತದೆ.

ಇಂತಹ ವ್ಯಾಪಾರವನ್ನು ಯಾರು ಒಪ್ಪುತ್ತಾರೆ ಎಂದು ಕೇಳಬಹುದು. ಒಪ್ಪಿದ್ದಾರೆ. ಲಕ್ಷಗಟ್ಟಲೆ ಜನ ಒಪ್ಪಿದ್ದಾರೆ, ಬೈಯುತ್ತಲೇ ಒಪ್ಪಿದ್ದಾರೆ. ಕಂಪ್ಯೂಟರ್ ಗೇಮ್‌ಗಳ ಲೋಕದಲ್ಲಿ ಇದು ಹದಿನೈದು ವರ್ಷಗಳಿಂದ ನಡೆಯುತ್ತಿರುವ ಜಗಳ. ಗೇಮ್ ಎಂದೊಡನೆ ಮಕ್ಕಳಾಟ ಎಂದು ಪುಟ ಮಗುಚುವ ಹಿರಿಯ ಓದುಗರು ದಯವಿಟ್ಟು ಸ್ವಲ್ಪ ತಾಳಬೇಕು. ಇಲ್ಲಿರುವ ಪ್ರಶ್ನೆ ಆಟದ್ದಲ್ಲ. ಕೊಂಡ ವಸ್ತು ಯಾರದು, ಕದಿಯದವನನ್ನು ಕಳ್ಳನೆಂದು ಭಾವಿಸುವ ಹಕ್ಕು ಮಾರುವವನಿಗೆ ಇದೆಯೇ ಎಂಬುದು.

ಫ್ರಾನ್ಸಿನ ಯೂಬಿಸಾಫ್ಟ್ ಕಂಪೆನಿ 2010ರ ಮಾರ್ಚ್‌ನಲ್ಲಿ 'ಅಸಾಸಿನ್ಸ್ ಕ್ರೀಡ್ 2' ಮತ್ತು 'ಸೈಲೆಂಟ್ ಹಂಟರ್ 5' ಎಂಬ ಎರಡು ಗೇಮ್‌ಗಳನ್ನು ಕಂಪ್ಯೂಟರಿಗಾಗಿ ಹೊರತಂದಿತು. ಮೊದಲನೆಯದು ಹದಿನೈದನೇ ಶತಮಾನದ ಫ್ಲಾರೆನ್ಸ್, ವೆನಿಸ್ ನಗರಗಳ ಮಾಡುಗಳ ಮೇಲೆ ಒಬ್ಬಂಟಿಯಾಗಿ ಓಡಾಡುವ ಕತೆ. ಅದಕ್ಕೆ ಇನ್ನೊಬ್ಬ ಆಟಗಾರನ ಅಗತ್ಯವಿಲ್ಲ, ಆದ್ದರಿಂದ ಇಂಟರ್‌ನೆಟ್ಟಿನ ಅಗತ್ಯವೂ ಇರಬಾರದಿತ್ತು. ಆದರೆ ಆಡುತ್ತಿರುವಷ್ಟು ಹೊತ್ತೂ ಕಂಪ್ಯೂಟರ್ ಕಂಪೆನಿಯ ಸರ್ವರ್‌ನೊಂದಿಗೆ ಸಂಪರ್ಕದಲ್ಲಿರಬೇಕೆಂಬ ಶರತ್ತನ್ನು ಕಂಪೆನಿ ಹಾಕಿತು. ಸಂಪರ್ಕ ತಪ್ಪಿದರೆ ಆಟ ನಿಲ್ಲುತ್ತದೆ. ಆರಂಭದಲ್ಲಂತೂ ಅಲ್ಲಿಯವರೆಗೆ ಆಡಿದ್ದನ್ನು ಕಳೆದುಕೊಂಡು ಹಿಂದಿನ ಘಟ್ಟದಿಂದ ಮತ್ತೆ ತೊಡಗಬೇಕಿತ್ತು. ಎರಡನೆಯದು ಎರಡನೇ ಮಹಾಯುದ್ಧದ ಜರ್ಮನ್ ಜಲಾಂತರ್ಗಾಮಿಯ ಆಟ. ಹೊರಜಗತ್ತಿನ ಕಣ್ಣಿಗೆ ಬೀಳದೆ ಸಮುದ್ರದಡಿ ಅಡಗಿ ಕೂರಬೇಕಾದ ಕಪ್ತಾನನಿಗೂ ಬ್ರಾಡ್‌ಬ್ಯಾಂಡ್ ಇಲ್ಲದೆ ಗತಿಯಿಲ್ಲ ಎಂಬುದು ಆ ದಿನಗಳ ತಮಾಷೆಗಳಲ್ಲೊಂದು.

ಗೇಮ್ ಹೊರಬಂದ ವಾರದಲ್ಲೇ, ಮಾರ್ಚ್ 7ರ ಭಾನುವಾರ, ಯಾರೋ ಸರ್ವರ್‌ಗಳ ಮೇಲೆ ದಾಳಿ ನಡೆಸಿದರು. ದುಡ್ಡು ಕೊಟ್ಟವರು ರಜೆಯ ದಿನ ಕಂಪ್ಯೂಟರಿನ ಮುಂದೆ ಕೈಕಟ್ಟಿ ಕೂತರು. ಶೇಕಡಾ 95ರಷ್ಟು ಆಟಗಾರರಿಗೆ ತೊಂದರೆಯಾಗಿಲ್ಲ ಎಂದು ಕಂಪೆನಿ ಹೇಳಿತು. ಉಳಿದ ಶೇಕಡಾ ಐದು ಮಂದಿಯ ತಪ್ಪೇನೆಂಬುದಕ್ಕೆ ಆ ಹೇಳಿಕೆಯಲ್ಲಿ ಉತ್ತರವಿರಲಿಲ್ಲ. ನಂತರ ಕ್ಷಮೆ ಕೇಳಿ, ತೊಂದರೆಗೊಳಗಾದವರಿಗೆ ಉಚಿತ ಕೊಡುಗೆ ಕೊಟ್ಟಿತೆನ್ನಿ. ಏಪ್ರಿಲ್‌ನಲ್ಲಿ ಆ ಬೀಗವನ್ನು ಮುರಿದ ಪ್ರತಿ ಕಳ್ಳಮಾರ್ಗದಲ್ಲಿ ಹರಿದಾಡತೊಡಗಿತು. ಅದಕ್ಕೆ ಸರ್ವರ್ ಬೇಡ, ಇಂಟರ್‌ನೆಟ್ ಬೇಡ, ಯಾರ ಅಪ್ಪಣೆಯೂ ಬೇಡ. 2012ರ ಫೆಬ್ರವರಿಯಲ್ಲಿ ಕಂಪೆನಿ ತನ್ನ ಸರ್ವರ್‌ಗಳನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸಿದಾಗಲೂ ಇದೇ ಕತೆ. ಕೊಂಡವರಿಗೆ ಕೆಲವು ಗೇಮ್‌ಗಳು ತೆರೆಯಲಿಲ್ಲ, ಕದ್ದವರಿಗೆ ಸರ್ವರ್ ಎಲ್ಲಿದ್ದರೇನು?

ಕಂಪೆನಿಯ ಪರವಾಗಿ ಹೇಳಬೇಕಾದದ್ದನ್ನು ಮೊದಲು ಹೇಳಿಬಿಡಬೇಕು, ಇಲ್ಲದಿದ್ದರೆ ಅನ್ಯಾಯವಾಗುತ್ತದೆ. ದೊಡ್ಡ ಗೇಮ್ ಒಂದರ ಹಿಂದೆ ನೂರಾರು ಮಂದಿಯ ಎರಡು ಮೂರು ವರ್ಷಗಳ ದುಡಿಮೆ ಇರುತ್ತದೆ. ಚಿತ್ರಕಾರರು, ಸಂಗೀತಗಾರರು, ಗಣಿತ ಬಲ್ಲವರು, ಕತೆ ಬರೆಯುವವರು. ಇದನ್ನು ದುಡ್ಡು ಕೊಡದೆ ಎತ್ತಿಕೊಂಡವನು 'ನಾನು ಯಾರ ಡಬ್ಬಿಯನ್ನೂ ಕದ್ದಿಲ್ಲ, ನಕಲು ಮಾಡಿಕೊಂಡೆ ಅಷ್ಟೆ' ಎನ್ನುವುದು ಜಾಣತನದ ಮಾತು, ನ್ಯಾಯದ ಮಾತಲ್ಲ. ವಸ್ತು ಅಂಗಡಿಯಲ್ಲೇ ಉಳಿದಿದ್ದರೂ ದುಡಿದವನ ಕೂಲಿ ಅವನಿಗೆ ತಲುಪಲಿಲ್ಲ. ಕಂಪ್ಯೂಟರ್ ಗೇಮ್‌ಗಳಲ್ಲಿ ಕಳ್ಳಪ್ರತಿಯ ಪ್ರಮಾಣ ಶೇಕಡಾ 93ರಿಂದ 95 ಎಂದು ಯೂಬಿಸಾಫ್ಟ್‌ನ ಮುಖ್ಯಸ್ಥ ಈವ್ ಗಿಲ್ಮೋ 2012ರಲ್ಲಿ ಹೇಳಿದ್ದರು. ದೊಡ್ಡ ಕಂಪೆನಿ ತನ್ನ ಲೆಕ್ಕವನ್ನು ಉಬ್ಬಿಸುತ್ತದೆ ಎಂದು ಮೂಗು ಮುರಿಯುವವರಿಗೆ ಇನ್ನೊಂದು ಉದಾಹರಣೆ ಇದೆ. 2008ರಲ್ಲಿ ಬೆರಳೆಣಿಕೆಯ ಗೆಳೆಯರು ಸೇರಿ ಮಾಡಿದ 'ವರ್ಲ್ಡ್ ಆಫ್ ಗೂ' ಎಂಬ ಗೇಮ್‌ಗೆ ಯಾವ ಬೀಗವೂ ಇರಲಿಲ್ಲ, ಬೆಲೆಯೂ ಹೆಚ್ಚಿರಲಿಲ್ಲ. ಅದನ್ನು ಆಡಿದವರಲ್ಲಿ ಸುಮಾರು ಹತ್ತಕ್ಕೆ ಎಂಟು ಒಂಬತ್ತು ಮಂದಿ ದುಡ್ಡು ಕೊಟ್ಟಿರಲಿಲ್ಲ ಎಂದು ಮಾಡಿದವರೇ ಅಂದಾಜಿಸಿದರು. ಬೀಗವಿಲ್ಲದ ಮನೆಗೆ ಕಳ್ಳರು ಮರ್ಯಾದೆ ಕೊಡುತ್ತಾರೆಂಬುದು ಸುಳ್ಳು.

ನಮ್ಮಲ್ಲಿ ಯಾರೂ ಇದರಲ್ಲಿ ತೀರಾ ಶುದ್ಧಹಸ್ತರಲ್ಲ. ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್‌ನ ಇಕ್ಕಟ್ಟಾದ ಅಂಗಡಿಗಳಲ್ಲಿ ಪ್ಲಾಸ್ಟಿಕ್ ಕವರಿನ ಸಿ.ಡಿ.ಗಳನ್ನು ತಡಕಾಡಿ, ಚೌಕಾಸಿ ಮಾಡಿ, ಬಸ್ ಹತ್ತಿದ ನೆನಪು ನಮಗೂ ಇದೆ. ಅಸಲಿ ಪ್ರತಿ ಎಲ್ಲಿ ಸಿಗುತ್ತದೆಂದೇ ಗೊತ್ತಿರಲಿಲ್ಲ ಎಂಬ ಸಬೂಬು ಅರ್ಧ ನಿಜ. ಗೊತ್ತಿದ್ದರೂ ಕೊಳ್ಳುತ್ತಿರಲಿಲ್ಲ ಎಂಬುದು ಇನ್ನರ್ಧ.

ಕಳ್ಳತನ ನಿಜವಾದರೆ ಕಾವಲು ತಪ್ಪು ಹೇಗೆ? ದೊಡ್ಡ ಅಂಗಡಿಗಳ ಬಾಗಿಲಲ್ಲಿ ನಮ್ಮ ಚೀಲ ನೋಡಿ, ಬಿಲ್ಲಿಗೆ ತೂತು ಹೊಡೆದು ಕಳುಹಿಸುತ್ತಾರಲ್ಲ, ಅದನ್ನು ನಾವು ಸಹಿಸಿಕೊಂಡಿಲ್ಲವೇ ಎಂದು ಕೇಳುವವರಿದ್ದಾರೆ. ಸಹಿಸಿಕೊಂಡಿದ್ದೇವೆ, ಒಳಗೊಳಗೇ ಮುಜುಗರಪಟ್ಟುಕೊಂಡೇ. ಆದರೆ ಆ ಕಾವಲುಗಾರನ ಕೆಲಸ ಹೊಸ್ತಿಲಲ್ಲೇ ಮುಗಿಯುತ್ತದೆ. ಬಿಲ್ಲಿಗೆ ತೂತು ಬಿದ್ದ ಮೇಲೆ ಅಕ್ಕಿ ನಮ್ಮದು. ಅದನ್ನು ಬೇಯಿಸುವಾಗ ಅವನು ಒಲೆಯ ಬಳಿ ನಿಲ್ಲುವುದಿಲ್ಲ. ನಮ್ಮ ಪಿಂಚಣಿದಾರರು ಪ್ರತಿ ನವೆಂಬರ್‌ನಲ್ಲಿ ಬ್ಯಾಂಕಿನ ಮುಂದೆ ಸಾಲುನಿಂತು, ತಾವು ಇನ್ನೂ ಬದುಕಿದ್ದೇವೆಂದು ಪ್ರಮಾಣಪತ್ರ ಕೊಡುವುದನ್ನು ನೋಡಿದವರಿಗೆ, ಎದುರಿಗೆ ನಿಂತಿರುವ ಮನುಷ್ಯ ತನ್ನ ಇರವನ್ನು ಕಾಗದದಲ್ಲಿ ಸಾಬೀತುಪಡಿಸಬೇಕಾದ ಹಿಂಸೆ ಗೊತ್ತು. ಅದಾದರೂ ವರ್ಷಕ್ಕೊಮ್ಮೆ. ಇಲ್ಲಿ ತಾನು ಕಳ್ಳನಲ್ಲವೆಂದು ಆಡುವ ಪ್ರತಿ ಗಳಿಗೆಯೂ ಸಾಬೀತುಪಡಿಸುತ್ತಿರಬೇಕು. ಒಮ್ಮೆ ಸಾಬೀತಾದ ಪ್ರಾಮಾಣಿಕತೆ ಮುಂದಿನ ಗಳಿಗೆಗೆ ನಡೆಯುವುದಿಲ್ಲ.

ಸಂಶಯಕ್ಕೂ ಒಂದು ಮಿತಿ ಬೇಕು. ಕಳ್ಳತನವಾದ ಊರಿನಲ್ಲಿ ಎಲ್ಲರ ಮನೆಯನ್ನೂ ಒಂದು ಸಲ ಶೋಧಿಸಿದರೆ ಜನ ಸಹಿಸಿಯಾರು. ಆದರೆ ಶೋಧನೆ ಮುಗಿಯುವುದೇ ಇಲ್ಲ ಎಂದಾದರೆ, ಅದೂ ಕಳ್ಳ ಆಗಲೇ ಊರು ಬಿಟ್ಟಿದ್ದಾನೆಂದು ಎಲ್ಲರಿಗೂ ಗೊತ್ತಿದ್ದರೆ, ಅದು ಶೋಧನೆಯಲ್ಲ, ಊರಿನವರಿಗೆ ಕೊಡುವ ಶಿಕ್ಷೆ. ಈ ವ್ಯವಸ್ಥೆಯ ನೈತಿಕ ದೋಷ ಇರುವುದು ಅದರ ಕಠಿಣತೆಯಲ್ಲಿ ಅಲ್ಲ. ಅದರ ಭಾರವೆಲ್ಲ ದುಡ್ಡು ಕೊಟ್ಟವನ ಹೆಗಲಿಗೆ ಬೀಳುತ್ತದೆ, ಕದ್ದವನಿಗೆ ಒಂದು ತೃಣದಷ್ಟೂ ತಾಗುವುದಿಲ್ಲ ಎಂಬುದರಲ್ಲಿದೆ. ಕಂಪೆನಿಗೆ ಇದು ತಿಳಿಯದೆ ಇರಲಿಲ್ಲ. 2011ರ ಮಧ್ಯದಿಂದಲೇ ಹೊಸ ಗೇಮ್‌ಗಳಲ್ಲಿ ಸದಾ ಸಂಪರ್ಕದ ಶರತ್ತನ್ನು ಕೈಬಿಟ್ಟು, ಮೊದಲ ಬಾರಿ ಅಳವಡಿಸುವಾಗ ಒಮ್ಮೆ ದೃಢೀಕರಿಸಿದರೆ ಸಾಕೆಂದು ಮಾಡಿರುವುದಾಗಿ ಯೂಬಿಸಾಫ್ಟ್ 2012ರ ಸೆಪ್ಟೆಂಬರ್‌ನಲ್ಲಿ ತಿಳಿಸಿತು. ಆಟಗಾರರ ಕೂಗಿಗೆ ಸಿಕ್ಕಿದ ಗೆಲುವು ಇದು. ಆದರೆ ಅಷ್ಟು ಹೊತ್ತಿಗೆ ಬೇರೆಯವರು ಅದೇ ಹಾದಿ ಹಿಡಿದಾಗಿತ್ತು.

2012ರ ಮೇ 15ರಂದು ಅಮೆರಿಕದ ಬ್ಲಿಝಾರ್ಡ್ ಕಂಪೆನಿಯ 'ಡಯಾಬ್ಲೊ 3' ಬಂತು. ಹನ್ನೆರಡು ವರ್ಷಗಳಿಂದ ಕಾದಿದ್ದ ಜನ ಮಧ್ಯರಾತ್ರಿ ಎದ್ದು ಕೂತರೆ ಪರದೆಯ ಮೇಲೆ ಬಂದದ್ದು 'ಎರರ್ 37'. ಸರ್ವರ್‌ಗಳಲ್ಲಿ ಜಾಗವಿಲ್ಲ, ಆಮೇಲೆ ಬನ್ನಿ ಎಂಬುದು ಅದರ ಅರ್ಥ. ಒಬ್ಬನೇ ಆಡುತ್ತೇನೆ ಎನ್ನುವವನಿಗೂ ಅದೇ ಉತ್ತರ. ದಕ್ಷಿಣ ಕೊರಿಯಾದಲ್ಲಿ ನ್ಯಾಯಯುತ ವ್ಯಾಪಾರದ ಮೇಲೆ ಕಣ್ಣಿಡುವ ಸರಕಾರಿ ಆಯೋಗವು ಕಂಪೆನಿಯ ಸಿಯೋಲ್ ಕಚೇರಿಗೆ ಹೋಗಿ ಕಡತಗಳನ್ನು ತಪಾಸಣೆ ಮಾಡಿತು. ಕೊನೆಗೆ ಅಲ್ಲಿನ ಆಟಗಾರರಲ್ಲಿ ಒಂದು ಮಟ್ಟಕ್ಕಿಂತ ಕೆಳಗಿದ್ದವರಿಗೆ ಹಣ ಹಿಂದಿರುಗಿಸಲು ಕಂಪೆನಿ ಒಪ್ಪಿತು. ಸದಾ ಸಂಪರ್ಕ ಬೇಕಾಗಿರುವುದು ಮೋಸದಾಟ ತಡೆಯಲು, ಆಟದೊಳಗಿನ ಹರಾಜುಕಟ್ಟೆಯನ್ನು ನಡೆಸಲು ಎಂಬ ವಾದವಿತ್ತು. ವಾದ ಪೂರ್ತಿ ಸುಳ್ಳಲ್ಲ, ಆ ಕಟ್ಟೆಯಲ್ಲಿ ನಿಜವಾದ ಹಣವೇ ಕೈ ಬದಲಾಗುತ್ತಿತ್ತು. ಆದರೆ 2013ರಲ್ಲಿ ಅದೇ ಗೇಮ್ ಟಿ.ವಿ.ಗೆ ಜೋಡಿಸುವ ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ಯಂತ್ರಗಳಿಗೆ ಬಂದಾಗ ಇಂಟರ್‌ನೆಟ್ ಇಲ್ಲದೆಯೂ ಆಡಬಹುದಿತ್ತು. 2014ರ ಮಾರ್ಚ್‌ನಲ್ಲಿ ಹರಾಜುಕಟ್ಟೆಯನ್ನೂ ಮುಚ್ಚಿದರು. ಕಟ್ಟೆ ಹೋಯಿತು, ಕಂಪ್ಯೂಟರಿನವರ ಮೇಲಿನ ಕಾವಲು ಉಳಿಯಿತು.

ನಮಗೆ ಇದಕ್ಕಿಂತಲೂ ಹೆಚ್ಚು ಕೆಟ್ಟದೆನಿಸುವುದು 2013ರ ಮಾರ್ಚ್‌ನ 'ಸಿಮ್‌ಸಿಟಿ' ಪ್ರಕರಣ. ನಗರವೊಂದನ್ನು ಕಟ್ಟಿ, ಅದಕ್ಕೆ ರಸ್ತೆ, ನೀರು, ಕರೆಂಟು ಕೊಟ್ಟು ಆಳುವ ಈ ಆಟದ ಮೊದಲ ಅವತಾರವನ್ನು ವಿಲ್ ರೈಟ್ 1989ರಲ್ಲಿ ಮಾಡಿದ್ದರು. ಆಗ ಅದು ಒಂದು ಫ್ಲಾಪಿಯಿಂದ, ಮೂಲೆಯಲ್ಲಿ ಒಂಟಿಯಾಗಿ ಕೂತ ಕಂಪ್ಯೂಟರಿನಲ್ಲಿ ನಡೆಯುತ್ತಿತ್ತು. ಇಲೆಕ್ಟ್ರಾನಿಕ್ ಆರ್ಟ್ಸ್ ಕಂಪೆನಿಯ 2013ರ ಆವೃತ್ತಿಗೆ ಮಾತ್ರ ಸದಾ ಸಂಪರ್ಕ ಬೇಕಾಯಿತು. ಮೊದಲ ದಿನವೇ ಸರ್ವರ್‌ಗಳು ಕುಸಿದವು. ಅಮೆಝಾನ್ ಅದರ ಮಾರಾಟವನ್ನು ಕೆಲಕಾಲ ನಿಲ್ಲಿಸಿತು. ಕಂಪೆನಿ ಇನ್ನೊಂದು ಗೇಮನ್ನು ಉಚಿತವಾಗಿ ಕೊಟ್ಟು ಸಮಾಧಾನಪಡಿಸಲು ನೋಡಿತು. ಅಷ್ಟಕ್ಕೇ ಮುಗಿದಿದ್ದರೆ ಅವ್ಯವಸ್ಥೆ ಎನ್ನಬಹುದಿತ್ತು. ಆದರೆ ನಗರದ ಲೆಕ್ಕಾಚಾರದ ಗಣನೀಯ ಪಾಲು ನಮ್ಮ ಸರ್ವರ್‌ಗಳಲ್ಲೇ ನಡೆಯುತ್ತದೆ, ಆದ್ದರಿಂದ ಸಂಪರ್ಕವಿಲ್ಲದೆ ಆಡಿಸುವುದು ಸುಲಭಸಾಧ್ಯವಲ್ಲ ಎಂಬ ವಿವರಣೆಯೂ ಬಂತು. ಕೆಲವೇ ದಿನಗಳಲ್ಲಿ ಹವ್ಯಾಸಿಯೊಬ್ಬ ಗೇಮನ್ನು ಅಲ್ಪಸ್ವಲ್ಪ ತಿದ್ದಿ, ಸಂಪರ್ಕ ಕಡಿದ ಮೇಲೂ ನಗರ ನಡೆಯುವುದನ್ನು ತೋರಿಸಿಬಿಟ್ಟ. ಒಂದು ವರ್ಷದ ನಂತರ, 2014ರ ಮಾರ್ಚ್‌ನಲ್ಲಿ, ಕಂಪೆನಿಯೇ ಇಂಟರ್‌ನೆಟ್ ಇಲ್ಲದೆ ಆಡುವ ಸೌಲಭ್ಯ ಕೊಟ್ಟಿತು.

ಮಾರುವವನು 'ಇದು ನನ್ನ ಲಾಭಕ್ಕಾಗಿ ಹಾಕಿದ ಬೀಗ' ಎಂದು ನೇರ ಹೇಳಿದರೆ ಕೊಳ್ಳುವವನು ಒಪ್ಪಬಹುದು, ಬಿಡಬಹುದು. ಬೀಗವನ್ನು ಅಲಂಕಾರವೆಂದು, ನಿಮ್ಮ ಸುಖಕ್ಕೇ ಹಾಕಿದ್ದೆಂದು ಹೇಳಿದರೆ ಅವನ ಆಯ್ಕೆಯ ಸ್ವಾತಂತ್ರ್ಯವನ್ನೇ ಕಿತ್ತುಕೊಂಡಂತೆ. ತಕ್ಕಡಿಯಲ್ಲಿ ಮಾಡುವ ಮೋಸಕ್ಕೂ ಮಾತಿನಲ್ಲಿ ಮಾಡುವ ಮೋಸಕ್ಕೂ ವ್ಯಾಪಾರದ ನ್ಯಾಯದಲ್ಲಿ ಬಹಳ ಅಂತರವಿಲ್ಲ.

ಈಗ ಆಟಗಾರರ ಸಿಟ್ಟಿನ ಕಡೆಗೆ ಬರೋಣ. ಅವರನ್ನು ಮುಗ್ಧ ಸಂತ್ರಸ್ತರೆಂದು ಚಿತ್ರಿಸಿದರೆ ಅದೂ ಸುಳ್ಳಾಗುತ್ತದೆ. 2009ರಲ್ಲಿ 'ಮಾಡರ್ನ್ ವಾರ್‌ಫೇರ್ 2' ಎಂಬ ಯುದ್ಧದ ಗೇಮ್‌ನಲ್ಲಿ ಆಟಗಾರರೇ ಸರ್ವರ್ ನಡೆಸುವ ಅವಕಾಶ ತೆಗೆದುಹಾಕಿದರೆಂದು ದೊಡ್ಡ ಬಹಿಷ್ಕಾರ ಚಳವಳಿ ಎದ್ದಿತ್ತು. ಗೇಮ್ ಬಿಡುಗಡೆಯಾದ ದಿನ ಬಹಿಷ್ಕಾರದ ಗುಂಪಿನ ಸದಸ್ಯರ ಪಟ್ಟಿಯನ್ನು ಯಾರೋ ತೆಗೆದು ತೋರಿಸಿದರು. ಹೆಸರುಗಳ ಕೆಳಗೆ ಆ ಗಳಿಗೆಯಲ್ಲಿ ಅವರು ಆಡುತ್ತಿದ್ದ ಗೇಮ್ ಯಾವುದೆಂದು ಬರೆದಿತ್ತು: ಬಹುಪಾಲು 'ಮಾಡರ್ನ್ ವಾರ್‌ಫೇರ್ 2'. 'ಎರರ್ 37'ಕ್ಕೆ ಜಗತ್ತೇ ಬೈದ 'ಡಯಾಬ್ಲೊ 3' ಮೊದಲ 24 ಗಂಟೆಗಳಲ್ಲಿ 35 ಲಕ್ಷ, ಮೊದಲ ವಾರದಲ್ಲಿ 63 ಲಕ್ಷ ಪ್ರತಿ ಖರ್ಚಾಯಿತು. 'ಸಿಮ್‌ಸಿಟಿ' ಎರಡು ವಾರದಲ್ಲಿ 11 ಲಕ್ಷ. ಮದುವೆಯೂಟ ಚೆನ್ನಾಗಿಲ್ಲವೆಂದು ಬೈಯುತ್ತಾ ಮೂರನೇ ಪಂಕ್ತಿಗೂ ಕೂರುವವರ ಮಾತನ್ನು ಅಡುಗೆಯವನು ಎಷ್ಟು ಗಂಭೀರವಾಗಿ ತೆಗೆದುಕೊಂಡಾನು?

ಪ್ರಮಾಣಪ್ರಜ್ಞೆಯ ಪ್ರಶ್ನೆಯೂ ಇದೆ. ಅಮೆರಿಕದ ಒಂದು ಗ್ರಾಹಕ ಜಾಲತಾಣ ನಡೆಸುತ್ತಿದ್ದ 'ದೇಶದ ಅತ್ಯಂತ ಕೆಟ್ಟ ಕಂಪೆನಿ' ಎಂಬ ಜನಮತದಲ್ಲಿ 2012 ಮತ್ತು 2013 ಎರಡೂ ವರ್ಷ ಇಲೆಕ್ಟ್ರಾನಿಕ್ ಆರ್ಟ್ಸ್ ಗೆದ್ದಿತು. ಅದು ಕೊನೆಯ ಸುತ್ತಿನಲ್ಲಿ ಸೋಲಿಸಿದ್ದು ಬ್ಯಾಂಕ್ ಆಫ್ ಅಮೆರಿಕವನ್ನು. 2008ರ ಕುಸಿತದ ಬಳಿಕ ಸಾಲ ತೀರಿಸಲಾಗದೆ ಮನೆ ಕಳೆದುಕೊಂಡ ಕುಟುಂಬಗಳ ದೇಶದಲ್ಲಿ, ಬ್ಯಾಂಕಿಗಿಂತ ಗೇಮ್ ಕಂಪೆನಿ ಕೆಟ್ಟದ್ದೆಂದು ಜನ ತೀರ್ಮಾನಿಸಿದರೆ ಅದು ಕೋಪದ ಆಳವನ್ನಲ್ಲ, ಮತ ಹಾಕಲು ಪುರಸೊತ್ತಿದ್ದವರು ಯಾರೆಂಬುದನ್ನು ತೋರಿಸುತ್ತದೆ ಎಂದು ನಮಗನಿಸುತ್ತದೆ. ಆದರೂ ಅತಿಯಾಗಿ ಕೂಗಿದವನ ದೂರು ಸುಳ್ಳಾಗಬೇಕಿಲ್ಲ.

ಅದಿರಲಿ, ಈ ಜಗಳದಲ್ಲಿ ನಿಜವಾಗಿ ಕಷ್ಟದ ಪ್ರಶ್ನೆ ಬೇರೆಯೇ ಇದೆ. ಕೆಲವರು ಗೇಮನ್ನು ಪೂರ್ತಿ ಬೆಲೆ ಕೊಟ್ಟು ಕೊಂಡರು. ಡಬ್ಬಿಯನ್ನು ಬಿಚ್ಚದೆ ಕಪಾಟಿನಲ್ಲಿಟ್ಟರು. ಆಮೇಲೆ ಬೀಗ ಮುರಿದ ಕಳ್ಳಪ್ರತಿಯನ್ನು ಇಳಿಸಿಕೊಂಡು ಅದನ್ನು ಆಡಿದರು. ಇವರು ಕಳ್ಳರೋ, ಅಲ್ಲವೋ?

ದುಡಿದವನ ಕೂಲಿ ಸಂದಿದೆ. ಕೊಂಡವನು ತಾನು ಕೊಂಡದ್ದನ್ನೇ ಅನುಭವಿಸಿದ್ದಾನೆ. ಕಪಾಟಿನ ಬೀಗದ ಕೈ ಕಳೆದುಹೋದಾಗ ಬೀಗದವನನ್ನು ಕರೆಸಿ ತೆಗೆಸಿದರೆ ಅದನ್ನು ಕನ್ನ ಎನ್ನುವುದಿಲ್ಲ. ಕಾನೂನುಗಳು ಇಲ್ಲಿ ಒಂದೇ ಮಾತಾಡುವುದಿಲ್ಲ. ಅಮೆರಿಕದ 1998ರ ಕಾಯಿದೆಯ ಪ್ರಕಾರ ಇಂತಹ ಡಿಜಿಟಲ್ ಬೀಗವನ್ನು ಮುರಿಯುವುದೇ ಸಾಮಾನ್ಯವಾಗಿ ಅಪರಾಧ, ಒಳಗಿರುವುದು ನಿನ್ನದೇ ಆಗಿದ್ದರೂ. ಸರ್ವರ್ ಮುಚ್ಚಿಹೋದ ಗೇಮ್‌ಗಳ ವಿಚಾರದಲ್ಲಿ ಸೀಮಿತ ವಿನಾಯಿತಿ ಸಿಕ್ಕಿದ್ದು 2015ರಲ್ಲಿ. ನಮ್ಮ ಸಂಸತ್ತು 2012ರಲ್ಲಿ ಕೃತಿಸ್ವಾಮ್ಯ ಕಾಯಿದೆಗೆ ಸೇರಿಸಿದ 65ಎ ಕಲಮು ಬೀಗ ಮುರಿದವನಿಗೆ ಎರಡು ವರ್ಷದವರೆಗೆ ಸೆರೆವಾಸ ವಿಧಿಸಿದರೂ, ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಮುರಿದಿರಬೇಕು ಎಂಬ ಶರತ್ತನ್ನು ಇಟ್ಟಿದೆ. ಕೈಯನ್ನು ಮಾತ್ರ ನೋಡದೆ ಮನಸ್ಸನ್ನೂ ನೋಡುವ ಈ ಕಾನೂನು ಹೆಚ್ಚು ಮಾನವೀಯ ಎಂದೇ ನಮ್ಮ ಅಭಿಪ್ರಾಯ.

ಆದರೂ ಒಂದು ಮುಳ್ಳು ಉಳಿಯುತ್ತದೆ. ನಾವು ಕರೆಸಿದ ಬೀಗದವನು ನಮ್ಮ ಬಾಗಿಲು ತೆಗೆದುಕೊಟ್ಟ ಅದೇ ಕೈಯನ್ನು ಸಾವಿರಾರು ಕಳ್ಳರಿಗೂ ಹಂಚಿದವನು. ಅವನ ಅಂಗಡಿಗೆ ನಾವೂ ಹೋಗಿ ಗಿರಾಕಿಗಳ ಸಾಲನ್ನು ಉದ್ದ ಮಾಡಿದೆವು. ದುಡ್ಡು ಕೊಟ್ಟವನು ಕಳ್ಳನಲ್ಲ ಎಂದು ನಾವು ಹೇಳುತ್ತೇವೆ, ಆದರೆ ಅವನು ಪೂರ್ತಿ ನಿರಾಳವಾಗಿರಬಹುದು ಎಂದು ಹೇಳಲಾರೆವು. ಪ್ರಾಮಾಣಿಕನು ನೆಮ್ಮದಿಯಿಂದ ಆಡಬೇಕಾದರೆ ಕಳ್ಳರ ಸಂತೆಗೇ ಹೋಗಬೇಕು ಎಂಬ ಸ್ಥಿತಿಯನ್ನು ಯಾರು ತಂದರೋ ಅವರ ಪಾಲು ಈ ತಪ್ಪಿನಲ್ಲಿ ದೊಡ್ಡದು.

ಬೇರೆ ದಾರಿ ಇರಲಿಲ್ಲವೇ ಎಂದರೆ, ಇತ್ತು. ಪೋಲೆಂಡಿನಲ್ಲಿ 1990ರ ದಶಕದಲ್ಲಿ ಕಳ್ಳಪ್ರತಿಗಳು ಸಂತೆಯಲ್ಲಿ ರಾಜಾರೋಷವಾಗಿ ಮಾರಾಟವಾಗುತ್ತಿದ್ದವು. ಅಲ್ಲಿ ಇಬ್ಬರು ಗೆಳೆಯರು ಕಟ್ಟಿದ ಸಿ.ಡಿ. ಪ್ರಾಜೆಕ್ಟ್ ಎಂಬ ಕಂಪೆನಿ 'ಬಾಲ್ಡರ್ಸ್ ಗೇಟ್' ಗೇಮನ್ನು ಪೋಲಿಷ್ ಭಾಷೆಗೆ ತಂದು, ಡಬ್ಬಿಯೊಳಗೆ ನಕಾಶೆ, ಪುಸ್ತಕ, ಸಂಗೀತದ ಸಿ.ಡಿ. ಇಟ್ಟು ಮಾರಿತು. ಕಳ್ಳನಿಗೆ ಕೊಡಲಾಗದ್ದನ್ನು ತಾನು ಕೊಡುತ್ತೇನೆ ಎಂಬ ಪಂದ್ಯ ಅದು, ಗೆದ್ದಿತು. ಅದೇ ಕಂಪೆನಿ 2008ರಲ್ಲಿ ಯಾವ ಬೀಗವೂ ಇಲ್ಲದ ಗೇಮ್‌ಗಳನ್ನು ಮಾರುವ 'ಗಾಗ್' ಎಂಬ ಅಂಗಡಿ ತೆರೆಯಿತು. 2015ರ 'ದ ವಿಚರ್ 3' ಅಲ್ಲಿ ಬೀಗವಿಲ್ಲದೆ ಬಂದರೂ ಕಂಪೆನಿ ದಿವಾಳಿಯಾಗಲಿಲ್ಲ, ಬೆಳೆಯಿತು. ಇವರನ್ನೂ ದೇವದೂತರನ್ನಾಗಿ ಮಾಡಬೇಕಿಲ್ಲ. 'ದ ವಿಚರ್ 2'ರ ಕಳ್ಳಪ್ರತಿ ಇಳಿಸಿಕೊಂಡರೆಂದು ಜರ್ಮನಿಯಲ್ಲಿ ಜನರಿಗೆ ವಕೀಲರಿಂದ ದಂಡದ ಪತ್ರ ಕಳುಹಿಸಿದವರು ಇವರೇ. ತಪ್ಪೇ ಮಾಡದವರಿಗೂ ಪತ್ರ ಹೋಗಿರಬಹುದೆಂಬ ಆಕ್ಷೇಪ ಬಂದಾಗ 2012ರ ಜನವರಿಯಲ್ಲಿ ಅದನ್ನು ನಿಲ್ಲಿಸಿದರು.

ಸ್ಟೀಮ್ ಎಂಬ ಬೃಹತ್ ಮಾರಾಟ ಜಾಲದ ಒಡೆಯ ಗೇಬ್ ನ್ಯೂಯೆಲ್, ಕಳ್ಳಪ್ರತಿಗೆ ಮುಖ್ಯ ಕಾರಣ ಬೆಲೆಯಲ್ಲ, ಸೇವೆಯ ಕೊರತೆ ಎಂದು 2011ರಲ್ಲಿ ವಾದಿಸಿದ್ದರು. ರಷ್ಯಾದಲ್ಲಿ ಎಲ್ಲರೂ ಕಳ್ಳರೆಂದು ಹೇಳುತ್ತಿದ್ದರು, ಸರಿಯಾಗಿ ಸೇವೆ ಕೊಟ್ಟ ಮೇಲೆ ಅದೇ ನಮ್ಮ ದೊಡ್ಡ ಮಾರುಕಟ್ಟೆಗಳಲ್ಲೊಂದಾಯಿತು ಎಂಬುದು ಅವರ ಅನುಭವ. ಮಾತು ಸರಿ. ಆದರೆ ಇದೇ ಸ್ಟೀಮ್ 2004ರಲ್ಲಿ 'ಹಾಫ್ ಲೈಫ್ 2' ಜೊತೆ ಕಡ್ಡಾಯವಾಗಿ ಬಂದಾಗ ಆಟಗಾರರು ಅದನ್ನೂ ಶಪಿಸಿದ್ದರು. ಇಂದು ಅದನ್ನು ಬೀಗವೆಂದು ನೆನಪಿಟ್ಟುಕೊಂಡವರು ಕಡಿಮೆ. ಹಗ್ಗ ಉದ್ದವಾಗಿದ್ದರೆ ಕಟ್ಟಿದ್ದಾರೆಂಬುದು ಹಸುವಿಗೂ ಮರೆತುಹೋಗುತ್ತದೆ.

ಆಟದ ಹೊರಗೆ ಇದರ ಬೇರುಗಳು ಹಳೆಯವು. 1908ರಲ್ಲಿ ಅಮೆರಿಕದ ಪ್ರಕಾಶಕರೊಬ್ಬರು ತಮ್ಮ ಕಾದಂಬರಿಯೊಳಗೆ, ಇದನ್ನು ಒಂದು ಡಾಲರಿಗಿಂತ ಕಡಿಮೆಗೆ ಮಾರಿದರೆ ಹಕ್ಕುಭಂಗವಾಗುತ್ತದೆ ಎಂದು ಅಚ್ಚು ಹಾಕಿಸಿದ್ದರ ಕುರಿತು ಅಲ್ಲಿನ ಸರ್ವೋಚ್ಚ ನ್ಯಾಯಾಲಯ ತೀರ್ಪು ನೀಡಿತು. ಮೇಸೀಸ್ ಅಂಗಡಿ ಅದನ್ನು 89 ಸೆಂಟಿಗೆ ಮಾರಿತ್ತು. ಒಮ್ಮೆ ಮಾರಿದ ಪ್ರತಿಯ ಮುಂದಿನ ವ್ಯಾಪಾರದ ಮೇಲೆ ಪ್ರಕಾಶಕನಿಗೆ ಅಧಿಕಾರವಿಲ್ಲ ಎಂದಿತು ನ್ಯಾಯಾಲಯ. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೆಯ ಪುಸ್ತಕದ ರಾಶಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಪಠ್ಯಪುಸ್ತಕ ಹುಡುಕಿದ ಪ್ರತಿಯೊಬ್ಬ ಬಡ ವಿದ್ಯಾರ್ಥಿಯೂ ಇದೇ ನ್ಯಾಯದ ಫಲಾನುಭವಿ. ಮಾರಿದ್ದು ಮಾರಿದಂತೆ, ಅದನ್ನು ಓದಬಹುದು, ಕೊಡಬಹುದು, ಮಕ್ಕಳಿಗೆ ಬಿಟ್ಟುಹೋಗಬಹುದು. ಡಿಜಿಟಲ್ ಯುಗದ ಜಾಣತನ ಇರುವುದು ಮಾರಾಟ ಎಂಬ ಪದವನ್ನು ಉಳಿಸಿಕೊಂಡು ಅದರ ಅರ್ಥವನ್ನು ಸದ್ದಿಲ್ಲದೆ ಬಾಡಿಗೆಗೆ ತಿರುಗಿಸಿದ್ದರಲ್ಲಿ. 2009ರ ಜುಲೈಯಲ್ಲಿ ಅಮೆಝಾನ್, ತಾನು ಮಾರಿದ್ದ ಪುಸ್ತಕದ ಹಕ್ಕಿನಲ್ಲಿ ತೊಡಕಿದೆಯೆಂದು, ಗ್ರಾಹಕರ ಕಿಂಡಲ್‌ಗಳಿಂದ ಅದನ್ನು ದೂರದಿಂದಲೇ ಅಳಿಸಿಹಾಕಿತು. ಅಳಿಸಿದ್ದು ಜಾರ್ಜ್ ಆರ್ವೆಲ್‌ನ '1984'. ಹಣ ಹಿಂದಿರುಗಿಸಿದರು, ಕ್ಷಮೆಯನ್ನೂ ಕೇಳಿದರು. ಆದರೆ ಮಾರಿದ ಪುಸ್ತಕದಂಗಡಿಯವನ ಬಳಿ ನಮ್ಮ ಕಪಾಟಿನ ಕೀಲಿ ಇದೆ ಎಂಬುದು ಅಂದು ಬಯಲಾಯಿತು.

ಸದಾ ಸಂಪರ್ಕ ಎಂಬುದು ಯಾರಿಗೆ ಸಹಜ, ಯಾರಿಗೆ ಅಲ್ಲ ಎಂಬುದನ್ನೂ ನೋಡಬೇಕು. 2010ರಲ್ಲಿ ನಮ್ಮ ದೇಶದಲ್ಲಿ ಸೆಕೆಂಡಿಗೆ 256 ಕಿಲೋಬಿಟ್ ವೇಗವಿದ್ದರೆ ಸರಕಾರಿ ವ್ಯಾಖ್ಯೆಯಲ್ಲಿ ಅದು ಬ್ರಾಡ್‌ಬ್ಯಾಂಡ್. ಮಳೆಗಾಲದಲ್ಲಿ ಕೊಂಬೆ ಬಿದ್ದು ತಂತಿ ಹರಿದರೆ ಲೈನ್‌ಮ್ಯಾನ್ ಬರುವ ತನಕ ಅದೂ ಇಲ್ಲ. 2013ರಲ್ಲಿ ಮೈಕ್ರೋಸಾಫ್ಟ್ ತನ್ನ ಹೊಸ ಎಕ್ಸ್‌ಬಾಕ್ಸ್ 24 ಗಂಟೆಗೊಮ್ಮೆ ಸರ್ವರ್‌ಗೆ ಹಾಜರಿ ಹಾಕಲೇಬೇಕೆಂದಾಗ ಮೊದಲು ದನಿಯೆತ್ತಿದವರಲ್ಲಿ ಹಡಗುಗಳಲ್ಲಿ ತಿಂಗಳುಗಟ್ಟಲೆ ಕಳೆಯುವ ನೌಕಾಪಡೆಯವರಿದ್ದರು. ಸಂಪರ್ಕ ಇಲ್ಲದವರಿಗೆ ನಮ್ಮ ಹಳೆಯ ಯಂತ್ರವಿದೆಯಲ್ಲ ಎಂದು ಕಂಪೆನಿಯ ಉನ್ನತಾಧಿಕಾರಿ ಡಾನ್ ಮ್ಯಾಟ್ರಿಕ್ ಉತ್ತರಿಸಿದರು. ಜೂನ್ 19ರಂದು ಕಂಪೆನಿ ಆ ಶರತ್ತನ್ನು ಹಿಂದೆಗೆದುಕೊಂಡಿತು. ನಮ್ಮ ಕಾಶ್ಮೀರದಲ್ಲಿ 2019ರ ಆಗಸ್ಟ್‌ನಲ್ಲಿ ಕಡಿದ ಇಂಟರ್‌ನೆಟ್ಟು, ನಿಧಾನಗತಿಯ 2ಜಿಯಾಗಿ ಮರಳಲು 2020ರ ಜನವರಿಯಾಯಿತು, 4ಜಿ ಬರಲು 2021ರ ಫೆಬ್ರವರಿ. ಅಲ್ಲಿ ಮುಚ್ಚಿದ ಬಾಗಿಲುಗಳ ಹಿಂದೆ ಕೂತಿದ್ದ ಹುಡುಗನಿಗೆ ಅವನು ದುಡ್ಡು ಕೊಟ್ಟು ಕೊಂಡಿದ್ದ ಆಟ ತೆರೆಯದೆ ಹೋದದ್ದು ಅವನ ಕಷ್ಟಗಳಲ್ಲಿ ತೀರಾ ಸಣ್ಣದು, ನಿಜ. ಆದರೆ ಅದು ಅವನ ಕೈಗೆ ಸಿಗಬಹುದಾಗಿದ್ದ ಕೆಲವೇ ಸಮಾಧಾನಗಳಲ್ಲಿ ಒಂದಾಗಿತ್ತು.

2014ರ ಡಿಸೆಂಬರ್‌ನಲ್ಲಿ ಯೂಬಿಸಾಫ್ಟ್ 'ದ ಕ್ರೂ' ಎಂಬ ಕಾರು ಓಟದ ಗೇಮನ್ನು ಮಾರಿತು. ಇಡೀ ಅಮೆರಿಕದ ಉದ್ದಗಲ ಕಾರು ಓಡಿಸಬಹುದಾದ, ಬಹುಪಾಲು ಒಂಟಿಯಾಗಿಯೇ ಆಡಬಹುದಾದ ಆಟ. ಅದಕ್ಕೂ ಸದಾ ಸಂಪರ್ಕ ಬೇಕಿತ್ತು. 2024ರ ಮಾರ್ಚ್ 31ರಂದು ಸರ್ವರ್ ನಿಂತಿತು, ಸಿ.ಡಿ. ಕೈಯಲ್ಲಿದ್ದವರಿಗೂ ಆಟ ನಿಂತಿತು. ನೀವು ಕೊಂಡದ್ದು ಗೇಮನ್ನಲ್ಲ, ಆಡುವ ಪರವಾನಗಿಯನ್ನು ಮಾತ್ರ ಎಂಬುದು ಮುಂದೆ ನ್ಯಾಯಾಲಯದಲ್ಲಿ ಕಂಪೆನಿಯ ವಾದವಾಯಿತು. ಅದೇ ವರ್ಷ ರಾಸ್ ಸ್ಕಾಟ್ ಎಂಬವರು 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಚಳವಳಿ ಹೂಡಿದರು. ಅವರ ಬೇಡಿಕೆ ಮಿತವಾದದ್ದು: ಸರ್ವರ್ ಶಾಶ್ವತವಾಗಿ ನಡೆಸಿ ಎಂದಲ್ಲ, ನಿಲ್ಲಿಸುವಾಗ ಗೇಮನ್ನು ಆಡುವ ಸ್ಥಿತಿಯಲ್ಲಿ ಬಿಟ್ಟುಹೋಗಿ ಎಂದಷ್ಟೆ. ಐರೋಪ್ಯ ಒಕ್ಕೂಟದಲ್ಲಿ ಆ ಮನವಿ 2025ರ ಜುಲೈಯಲ್ಲಿ ಹತ್ತು ಲಕ್ಷ ಸಹಿಗಳನ್ನು ದಾಟಿತು, ಬ್ರಿಟನ್ನಿನ ಸಂಸತ್ತಿನಲ್ಲಿ ನವೆಂಬರ್‌ನಲ್ಲಿ ಚರ್ಚೆಯಾಯಿತು. ಬಹಿಷ್ಕಾರ ಸಾರಿ ಅದೇ ಸಂಜೆ ಆಡಲು ಕೂತ 2009ರ ಪೀಳಿಗೆ ಇಷ್ಟು ದೂರ ಬಂದಿದೆ. ಗೇಮ್ ಉದ್ಯಮದವರು ಇದರಿಂದ ಖರ್ಚು ಹೆಚ್ಚುತ್ತದೆ, ಸಂಪರ್ಕಕ್ಕೆಂದೇ ರಚಿಸಿದ ಆಟಗಳನ್ನು ಹಾಗೆ ಬದಲಿಸಲಾಗದು ಎನ್ನುತ್ತಾರೆ. ಕೆಲವು ಆಟಗಳ ಮಟ್ಟಿಗೆ ಅದು ನಿಜವೂ ಹೌದು. ಕ್ಯಾಲಿಫೋರ್ನಿಯಾ ರಾಜ್ಯ ಇನ್ನೊಂದು ದಾರಿ ಹಿಡಿಯಿತು. ಮಾರುತ್ತಿರುವುದು ಪರವಾನಗಿ ಮಾತ್ರವಾದರೆ ಅದನ್ನು ಸ್ಪಷ್ಟವಾಗಿ ತಿಳಿಸದೆ 'ಕೊಳ್ಳಿ' ಎಂಬ ಪದ ಬಳಸಕೂಡದು ಎಂಬ ಅಲ್ಲಿನ ಕಾನೂನು 2025ರ ಜನವರಿ 1ರಿಂದ ಜಾರಿಯಲ್ಲಿದೆ. ಪದವನ್ನು ಅದರ ಅರ್ಥಕ್ಕೆ ಮರಳಿಸಲು ಶಾಸನಸಭೆ ಕೂರಬೇಕಾಯಿತು.

'ದ ಕ್ರೂ 2' ಎಂಬ ಅದರ ಮುಂದಿನ ಗೇಮ್‌ಗೆ ಇಂಟರ್‌ನೆಟ್ ಇಲ್ಲದೆ ಆಡುವ ಸೌಲಭ್ಯವನ್ನು ಯೂಬಿಸಾಫ್ಟ್ 2025ರಲ್ಲಿ ಕೊಟ್ಟಿತು. ಮೊದಲ ಗೇಮ್‌ಗೆ ಕೊಡಲಿಲ್ಲ. ಅದೇ ವರ್ಷ ಅಭಿಮಾನಿಗಳ ಒಂದು ಗುಂಪು ಸರ್ವರ್‌ನ ಕೆಲಸವನ್ನು ತಾನೇ ಮಾಡುವ ತಂತ್ರಾಂಶ ಬರೆದು ಹಂಚಿತು. ನಿಂತುಹೋಗಿದ್ದ ಕಾರುಗಳು ಅವರವರ ಮನೆಯ ಕಂಪ್ಯೂಟರುಗಳಲ್ಲಿ ಮತ್ತೆ ಓಡತೊಡಗಿದವು. ಈ ಬೀಗದವರನ್ನು ಯಾವ ಸಾಲಿನಲ್ಲಿ ನಿಲ್ಲಿಸುವುದೆಂದು ನಾವು ಇನ್ನೂ ಯೋಚಿಸುತ್ತಿದ್ದೇವೆ.